ಮೌಶಿ ಒಪ್ಪಿಕೊಂಡ ತಪ್ಪುಗಳು

ನಮ್ಮ ಮೌಶಿಗೆ ಒಂದು ಕೆಟ್ಟ ಚಟವಿದೆ. ಎಲೆ-ಅಡಿಕೆ, ನಶ್ಯ, ಟೀವಿ ಧಾರಾವಾಹಿ ಇಂಥವು ಯಾವುವೂ ಅಲ್ಲ. ಅವುಗಳನ್ನು ಹೇಗಾದರೂ ಬಿಡಿಸಬಹುದಿತ್ತು. ಆಕೆಗಿರುವುದು ತಾನು ಮಾಡದ ತಪ್ಪನ್ನು ಒಪ್ಪಿಕೊಳ್ಳುವ ಚಟ! ಎಲ್ಲಿಯಾದರೂ ‘ಇದನ್ನು ಯಾರು ಮಾಡಿದ್ದು?’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಉಳಿದವರೆಲ್ಲ ಸೂರು ನೋಡುತ್ತಾರೆ, ಚಪ್ಪಲಿ ನೋಡಿಕೊಳ್ಳುತ್ತಾರೆ, ಫೋನು ತೆಗೆಯುತ್ತಾರೆ. ಮೌಶಿ ಮಾತ್ರ ಕೈ ಎತ್ತುತ್ತಾಳೆ.

ಮೌಶಿ ಎಂದರೆ ನನ್ನ ತಾಯಿಯ ತಂಗಿ. ಧಾರವಾಡದವಳು. ಇಪ್ಪತ್ತೆರಡನೇ ವಯಸ್ಸಿಗೆ ಪುಣೆಗೆ ಬಂದು ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿ, ಮದುವೆಯ ಗೊಡವೆಗೆ ಹೋಗದೆ, ಅಲ್ಲೇ ನಿವೃತ್ತಳಾದವಳು. ನಮ್ಮ ಸೊಸೈಟಿಯ ನೆಲಮಹಡಿಯಲ್ಲಿ ಆಕೆಯ ಮನೆ, ನಾಲ್ಕನೇ ಮಹಡಿಯಲ್ಲಿ ನನ್ನದು. ಹತ್ತಿರವಿದ್ದರೆ ಒಬ್ಬರಿಗೊಬ್ಬರು ಆಗುತ್ತೇವೆ ಎಂದು ನಾವೇ ಹಟ ಹಿಡಿದು ಒಂದೇ ಕಟ್ಟಡದಲ್ಲಿ ಮನೆ ಕೊಂಡೆವು. ಯಾರಿಗೆ ಯಾರು ಆದರು ಎಂಬುದನ್ನೇ ನಾನು ಇಲ್ಲಿ ಬರೆಯಬೇಕಾಗಿದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೌಶಿ ಒಪ್ಪಿಕೊಂಡ ತಪ್ಪುಗಳಲ್ಲಿ ಒಂದು ನನ್ನದು. ಅದಕ್ಕಾಗಿ ಆಕೆ ಒಂದು ವರ್ಷ ಶಿಕ್ಷೆ ಅನುಭವಿಸಿದಳು. ನಾನು ಬಾಯಿ ತೆರೆದಿದ್ದರೆ ಅದು ಅದೇ ದಿನ ಮುಗಿಯುತ್ತಿತ್ತು. ತೆರೆಯಲಿಲ್ಲ. ಇದನ್ನು ಗೊತ್ತುಮಾಡಿಕೊಂಡೇ ಮುಂದೆ ಓದಿ. ನಗು ಬಂದರೆ ನಗಿ. ಮೌಶಿ ಬೇಡ ಅನ್ನುವವಳಲ್ಲ.

ಆಕೆಯ ಚಟದ ನಮೂನೆ ನಿಮಗೆ ತಿಳಿಯಬೇಕಲ್ಲ? ಒಮ್ಮೆ ಸಿಟಿ ಬಸ್ಸಿನಲ್ಲಿ ಮುಂದೆ ನಿಂತಿದ್ದ ಒಬ್ಬ ಹೆಂಗಸಿನ ಕಾಲನ್ನು ಯಾರೋ ತುಳಿದರು. ಯಾರು, ಯಾರು ಎಂದು ಗದ್ದಲವಾಯಿತು. ಇಬ್ಬರು ಗಂಡಸರು ತೋಳು ಮಡಚಿಕೊಂಡರು, ಕಂಡಕ್ಟರ್ ಡಬಲ್ ಬೆಲ್ ಹೊಡೆಯುವುದನ್ನು ನಿಲ್ಲಿಸಿದ. ಆಗ ಹಿಂದಿನಿಂದ ಐದನೇ ಸೀಟಿನಲ್ಲಿ, ಕಿಟಕಿಯ ಪಕ್ಕ ಕೂತಿದ್ದ ನಮ್ಮ ಮೌಶಿ, ನಾನೇ ತುಳಿದದ್ದು, ತಪ್ಪಾಯಿತು ಎಂದು ಮರಾಠಿಯಲ್ಲಿ ಕೂಗಿ ಹೇಳಿದಳು. ಬಸ್ಸೆಲ್ಲ ಹಿಂದೆ ತಿರುಗಿ ಆಕೆಯ ಕಾಲಿನ ಉದ್ದವನ್ನು ನೋಡಿತು! ಆದರೆ ಜಗಳ ಮುಗಿಯಿತು. ಒಪ್ಪಿಕೊಂಡವರ ಜೊತೆ ಏನೆಂದು ಜಗಳವಾಡುವುದು? ಬಸ್ಸು ಹೊರಟಿತು.

ನಮ್ಮ ಸೊಸೈಟಿಯಲ್ಲಿ ಲಿಫ್ಟಿನ ಬಾಗಿಲು ಮುಚ್ಚದೆ ಹೋಗುವವರ ಕುರಿತು ದೊಡ್ಡ ಸಭೆಯೇ ನಡೆಯಿತು. ಯಾರೋ ಆರನೇ ಮಹಡಿಯಲ್ಲಿ ದಿನವೂ ತೆರೆದಿಟ್ಟು ಹೋಗುತ್ತಿದ್ದರು. ಸಭೆ ಒಂದೂವರೆ ತಾಸು ನಡೆದು, ಚಹಾ ತಣ್ಣಗಾಗಿ, ಎಲ್ಲರೂ ಎಲ್ಲರನ್ನೂ ಸಂಶಯಿಸಲು ಶುರುಮಾಡಿದಾಗ ಮೌಶಿ ಎದ್ದು ನಾನೇ ಅಂದಳು. ಆಕೆ ಇರುವುದು ನೆಲಮಹಡಿ. ಆ ಲಿಫ್ಟನ್ನು ಆಕೆ ಹತ್ತಿದ್ದನ್ನು ನಾನು ಈವರೆಗೆ ನೋಡಿಲ್ಲ. ಅದರಲ್ಲಿ ಉಸಿರು ಕಟ್ಟುತ್ತದೆ ಎಂದು ನನ್ನ ಮನೆಗೂ ಮೆಟ್ಟಿಲೇರಿಯೇ ಬರುತ್ತಾಳೆ. ಇನ್ನೊಮ್ಮೆ ಸೆಕ್ರೆಟರಿಯ ಜಾಗದಲ್ಲಿ ಯಾರೋ ಸ್ಕೂಟರ್ ನಿಲ್ಲಿಸಿದ್ದರು. ಸೈಕಲ್ ಕೂಡ ಹೊಡೆಯಲು ಬಾರದ ಮೌಶಿ ಅದನ್ನೂ ಒಪ್ಪಿಕೊಂಡಳು. ಸೆಕ್ರೆಟರಿ ಬುದ್ಧಿವಂತ, ಹಾಗಾದರೆ ಕೀಲಿ ಕೊಡಿ ಅಂದ. ಮೌಶಿ ಒಂದು ಕ್ಷಣ ಯೋಚಿಸಿ, ಕೀಲಿ ಕಳೆದವಳೂ ನಾನೇ ಅಂದಳು.

ಇಂದಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಬಸ್ಸು ತಡವಾಗಿ, ನೇರ ಊಟದ ಪಂಕ್ತಿಗೇ ಹೋಗಿ ನಿಂತೆವು. ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಎಲೆಯ ಮುಂದಿನಿಂದ ಎದ್ದು ನಿಂತು, ಯಾರು ಹಾಕಿದ್ದು ಎಂದು ತಿಳಿಯದೆ ಕೂರುವುದಿಲ್ಲ ಅಂದರು. ಹೆಣ್ಣಿನ ತಂದೆಯ ಮುಖ ಸುಣ್ಣವಾಯಿತು. ಅಡುಗೆಯವ ಒಲೆಯ ಹಿಂದೆ ಸರಿದ. ಕೈಯಲ್ಲಿ ಇನ್ನೂ ಬಸ್ಸಿನ ಟಿಕೆಟು ಹಿಡಿದಿದ್ದ ಮೌಶಿ, ನಾನು ರುಚಿ ನೋಡಿ ಹಾಕಿದೆ, ಮುದುಕಿ, ನಾಲಗೆ ಸತ್ತುಹೋಗಿದೆ ಅಂದಳು. ಹಿರಿಯರು ಕೂತರು. ಅಂದಿನಿಂದ ಆ ಅಡುಗೆಯವ ಯಾವ ಮದುವೆಯಲ್ಲಿ ಕಂಡರೂ ಮೌಶಿಯ ಎಲೆಗೆ ಎರಡು ಜಿಲೇಬಿ ಹೆಚ್ಚಾಗಿ ಬಡಿಸುತ್ತಾನೆ.

ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದ್ದೇನೆ. ಆಕೆ ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದಿಷ್ಟು: “ಹೊಲಿಗಿ ಕ್ಲಾಸಿನಾಗ ಕತ್ರಿ ಮುರಿದ್ರ ಯಾರೂ ಒಪ್ಪೂದಿಲ್ಲ. ಯಾರು ಯಾರು ಅಂತ ಕೇಳ್ಕೋತ ಕೂತ್ರ ಪಿರಿಯಡ್ ಮುಗೀತದ, ಜಂಪರ್ ಹಂಗೇ ಉಳೀತದ. ನಾನ ಮುರ್ದೆ ಅಂದ್ರ ಹೊಲಿಗಿ ಶುರು ಆಗ್ತದ.”

ಮೂವತ್ತಾರು ವರ್ಷ ಹೀಗೆ ಕತ್ತರಿ ಮುರಿದು ಮುರಿದು ಆಕೆಗೆ ಅಭ್ಯಾಸವಾಗಿತ್ತು. ಇಂಥವಳ ಪಕ್ಕದಲ್ಲಿ ಬಾಳುವವರಿಗೆ ಅದು ಎಷ್ಟು ಅನುಕೂಲ ಎಂಬುದನ್ನು ನಾನು ಆಗ ಯೋಚಿಸಿರಲಿಲ್ಲ.

ಇನ್ನು ನನ್ನ ವಿಷಯ. ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹದಿನಾಲ್ಕು ವರ್ಷಗಳಿಂದ ಕಲಿಸುತ್ತಿರುವುದರಲ್ಲಿ ಒಂದು ಹಳೆಯ ಅಮೆರಿಕನ್ ಕಾದಂಬರಿಯೂ ಇದೆ. ಬಹಳ ಕಟ್ಟುನಿಟ್ಟಿನ ದೈವಭಕ್ತರು ಹೋಗಿ ನೆಲೆಸಿದ ಒಂದು ಊರು. ಅಲ್ಲಿ ಗಂಡ ಹತ್ತಿರವಿಲ್ಲದ ಒಬ್ಬಳು ಮಗುವನ್ನು ಹೆರುತ್ತಾಳೆ. ಊರಿನವರು ಆಕೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಎದೆಯ ಮೇಲೆ ಒಂದು ಕೆಂಪು ಅಕ್ಷರ ಹಚ್ಚಿ, ಮಗುವಿನ ತಂದೆ ಯಾರೆಂದು ಕೇಳುತ್ತಾರೆ. ಆಕೆ ಹೇಳುವುದಿಲ್ಲ. ಆ ತಂದೆ ಅದೇ ಊರಿನಲ್ಲಿ, ಎಲ್ಲರೂ ಕೈಮುಗಿಯುವ ಧರ್ಮಬೋಧಕ, ಆತನೂ ಹೇಳುವುದಿಲ್ಲ. ಪಾಪ, ಶಿಕ್ಷೆ, ಹೆಣ್ಣಿನ ಗಟ್ಟಿತನ ಎಂದು ಮೂರು ಮಾತುಗಳನ್ನು ಬೋರ್ಡಿನ ಮೇಲೆ ಬರೆದು ನಾನು ಪಾಠ ಶುರುಮಾಡುತ್ತೇನೆ. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಅದೇ ಪ್ರಶ್ನೆ.

ಈ ಕತೆಯನ್ನು ಮೌಶಿಗೆ ನಾನೇ ಹೇಳಿದ್ದೆ. ಆಕೆ ಕಸೂತಿ ಹಾಕುತ್ತ ಕೇಳಿದಳು. ಆ ಹೆಂಗಸು ಶಿಕ್ಷೆಯ ಅಕ್ಷರಕ್ಕೆ ಜರಿಯ ದಾರದಲ್ಲಿ ಚಂದದ ಕುಸುರಿ ಹಾಕಿಕೊಂಡಳು ಎಂದಾಗ ಮೌಶಿಯ ಸೂಜಿ ನಿಂತಿತು. ಹೊಲಿಗೆಯ ಟಾಕಿ ಯಾವುದು, ಬಟ್ಟೆ ಎಂಥದು, ಅಂಚು ಮಡಚಿದ್ದಳೋ ಹಾಗೇ ಬಿಟ್ಟಿದ್ದಳೋ ಎಂದು ನಾನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಯೋಚಿಸದ ಪ್ರಶ್ನೆಗಳನ್ನು ಕೇಳಿದಳು. ಆಮೇಲೆ ಆ ಬೋಧಕನ ಕಡೆಗೆ ತಿರುಗಿದಳು.

“ಎಷ್ಟು ವರ್ಷ ಸುಮ್ಮನಿದ್ದ ಅಂವ?”

“ಏಳು ವರ್ಷ. ಒಳಗೊಳಗೇ ಭಾಳ ಕೊರಗತಿದ್ದ, ಮೌಶಿ.”

“ಕೊರಗಲಿಕ್ಕೆ ಏಳು ವರ್ಷ ಸಿಕ್ತು, ಹೇಳಲಿಕ್ಕೆ ಒಂದು ನಿಮಿಷ ಸಿಗಲಿಲ್ಲ?” ಎಂದು ಆಕೆ ಮತ್ತೆ ಹೊಲಿಯತೊಡಗಿದಳು. ಆತನ ಅಂತರಂಗದ ಸಂಘರ್ಷ ಎಂಬ ವಿಷಯದ ಮೇಲೆ ನಾನು ಬರೆದ ಹನ್ನೆರಡು ಪುಟದ ಟಿಪ್ಪಣಿ ಅಲ್ಲಿಗೆ ಮುಗಿಯಿತು!

ಈಗ ಆ ದಿನಕ್ಕೆ ಬರುತ್ತೇನೆ. ಹೋದ ವರ್ಷದ ಗಣಪತಿ ಹಬ್ಬದ ಮೊದಲ ದಿನ. ನಮ್ಮ ಸೊಸೈಟಿಯಲ್ಲಿ ಗಣಪತಿಯನ್ನು ನೆಲಮಹಡಿಯ ದೊಡ್ಡ ಹಾಲ್‌ನಲ್ಲಿ ಕೂರಿಸುತ್ತಾರೆ. ಮೊದಲ ದಿನದ ಮೋದಕವನ್ನು ಅಂಗಡಿಯಿಂದ ತರುವಂತಿಲ್ಲ. ಹನ್ನೆರಡು ಹೆಂಗಸರು ಮಡಿಯಲ್ಲಿ ಸಾಲಾಗಿ ಕೂತು ಮಾಡಬೇಕು. ಯಾರು ಕೂರಬೇಕು ಎಂಬ ಪಟ್ಟಿಯನ್ನು ಮೂರನೇ ಮಹಡಿಯ ಕಾಕೂ ಬರೆಯುತ್ತಾರೆ. ಕಾಕೂ ಎಂದರೆ ನಮ್ಮ ಮಹಿಳಾ ಮಂಡಳದ ಹಿರಿಯರು. ಸಿಟ್ಟು ಬಂದಾಗ ದನಿ ಏರಿಸುವವರಲ್ಲ, ಇಳಿಸುವವರು. ಮೌಶಿಯ ಹೆಸರು ಆ ಪಟ್ಟಿಯಲ್ಲಿ ಯಾವಾಗಲೂ ಮೊದಲು. ಬೇರೆಯವರ ಮೋದಕಕ್ಕೆ ಹನ್ನೊಂದು ನಿರಿಗೆ ಬಂದರೆ ಆಕೆಯದಕ್ಕೆ ಇಪ್ಪತ್ತೊಂದು. ವರ್ಷದ ಉಳಿದ ಹಬ್ಬಗಳನ್ನು ಆಕೆ ಆಚರಿಸುತ್ತಿದ್ದದ್ದು ಅಷ್ಟಕ್ಕಷ್ಟೇ. ಮೋದಕದ ಬೆಳಗಿಗಾಗಿ ಮಾತ್ರ ಒಂದು ವಾರ ಮೊದಲೇ ಉಗುರು ಕತ್ತರಿಸಿಕೊಂಡು ಕಾಯುತ್ತಿದ್ದಳು.

ಹಾಲಿನಲ್ಲಿ ಜಮಖಾನೆ ಹಾಸಿ, ಮೇಲೆ ಬಿಳಿಯ ಚಾದರ ಹಾಸಿದ್ದರು. ನಾನು ಕಂಬದ ಹತ್ತಿರ ಕೂತಿದ್ದೆ, ಮೌಶಿ ನನ್ನ ಎಡಗಡೆ. ನನ್ನ ಮೈಮೇಲೆ ಕಡುಗೆಂಪು ಇಳಕಲ್ ಸೀರೆ. ನನಗೆ ಆಗ ನಲವತ್ತೇಳು. ಐದು ತಿಂಗಳಿಂದ ಮುಟ್ಟಾಗಿರಲಿಲ್ಲ; ಇನ್ನು ಮುಗಿಯಿತು ಎಂದುಕೊಂಡಿದ್ದೆ. ಹನ್ನೊಂದು ಗಂಟೆಯ ಸುಮಾರಿಗೆ, ಕೈಯಲ್ಲಿ ಬಿಸಿ ಹಿಟ್ಟಿನ ಉಂಡೆ ಇದ್ದಾಗ, ಮುಗಿದಿಲ್ಲ ಎಂದು ತಿಳಿಯಿತು.

ಎದ್ದು ಹೋಗಬಹುದಿತ್ತು. ಮೋದಕದ ನಡುವೆ ಎದ್ದರೆ ಯಾಕೆ ಎಂದು ಕೇಳುತ್ತಾರೆ. ಇನ್ನು ಹತ್ತೇ ನಿಮಿಷ, ಕೊನೆಯ ತಟ್ಟೆ, ಎಂದುಕೊಂಡು ಕೂತೆ. ಗಮನಿಸಿ, ಮುಟ್ಟು ಮೈಲಿಗೆಯಲ್ಲ ಎಂದು ಕಾಲೇಜಿನಲ್ಲಿ ಮೈಕ್ ಹಿಡಿದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದವಳು ನಾನು. ನಾನು ನಂಬದೇ ಇದ್ದ ಪಾಪಕ್ಕೆ ನಾಚಿಕೊಂಡು ಕೂತಿದ್ದೆ.

ಎಲ್ಲರೂ ಎದ್ದಾಗ ಕಂಬದ ಹತ್ತಿರ, ಬಿಳಿಯ ಚಾದರದ ಮೇಲೆ, ರೂಪಾಯಿಯಷ್ಟು ಅಗಲದ ಕಲೆ ಕಂಡಿತು. ಆ ಹೊತ್ತಿಗೆ ನಾವೆಲ್ಲ ಜಾಗ ಬದಲಿಸಿ, ತಟ್ಟೆ ದಾಟಿಸಿ, ಅತ್ತಿತ್ತ ಓಡಾಡಿದ್ದೆವು. ನಾನು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಕಾಕೂ ಕಲೆ ನೋಡಿದರು, ಉಗಿಯಾಡುತ್ತಿದ್ದ ಮೋದಕದ ಪಾತ್ರೆಗಳನ್ನು ನೋಡಿದರು, ದನಿ ಇಳಿಸಿ ಕೇಳಿದರು: ಯಾರದು?

 ಎಲ್ಲರ ಕಣ್ಣುಗಳು ಮೆಲ್ಲಗೆ ಒಂದು ಕಡೆ ಹೋಗತೊಡಗಿದವು. ಅಲ್ಲಿ ಎರಡು ತಿಂಗಳ ಹಿಂದಷ್ಟೇ ಮದುವೆಯಾಗಿ ಬಂದಿದ್ದ ಐದನೇ ಮಹಡಿಯ ಸೊಸೆ ನಿಂತಿದ್ದಳು; ಅವಳದು ಮೊದಲ ಗಣಪತಿ. ಅವಳ ಅತ್ತೆಯೂ ಅಲ್ಲೇ ಇದ್ದರು. ಹುಡುಗಿ ತಲೆ ಅಲ್ಲಾಡಿಸಿದಳು, ಕಣ್ಣು ತುಂಬಿಕೊಂಡವು. ಕಣ್ಣು ತುಂಬಿದ್ದೇ ಸಾಕ್ಷಿ ಎಂಬಂತೆ ಅತ್ತೆಯ ಮುಖ ಬಿಗಿಯಿತು. ನಾನು ಅದನ್ನು ಪೂರ್ತಿ ನೋಡಿದೆ. ಒಂದು ಸಂಗತಿಯನ್ನೂ ನಾನು ಕಾಣದೆ ಬಿಡಲಿಲ್ಲ. ಬಾಯಿ ಮಾತ್ರ ತೆರೆಯಲಿಲ್ಲ.

“ನಂದ್ರಿ” ಅಂದಳು ಮೌಶಿ. ಆಮೇಲೆ ಎಲ್ಲರಿಗೂ ತಿಳಿಯಲಿ ಎಂದು ಅದನ್ನೇ ಮರಾಠಿಯಲ್ಲೂ ಹೇಳಿದಳು.

ಕಾಕೂ ಆಕೆಯನ್ನು ನೋಡಿ, ನಿಮ್ಮ ವಯಸ್ಸೆಷ್ಟು ಮೌಶಿ ಎಂದು ಕೇಳಿದರು. ಮೌಶಿ ಸೆರಗು ಸರಿಮಾಡಿಕೊಂಡು, ಅರವತ್ತಮೂರು ಅಂದಳು. ದೇವರು ಕೊಟ್ಟರೆ ಬೇಡ ಅನ್ನಲು ನಾನು ಯಾರು ಅಂದಳು!

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕಾಕೂ ನಗಲಿಲ್ಲ. ಸುಳ್ಳು ಎಂದು ಅವರಿಗೆ ಗೊತ್ತಿತ್ತೆಂದು ನನಗೆ ಅನಿಸುತ್ತದೆ. ಆದರೆ ಒಪ್ಪಿಕೊಂಡವರು ಸಿಕ್ಕ ಮೇಲೆ ಹುಡುಕುವುದು ಯಾಕೆ? ಇನ್ನೂರೈವತ್ತು ಮೋದಕಗಳನ್ನು ಎದುರಿನ ಕಟ್ಟಡ ಕೆಲಸದವರಿಗೆ ಕಳಿಸಿದರು. ಅವರು ಸಂತೋಷದಿಂದ ತಿಂದರು. ಗಣಪತಿಗೆ ಅಂಗಡಿಯ ಪೇಢೆ ಬಂತು. ಆ ಪೇಢೆಯನ್ನು ಕಟ್ಟಿದವರು ಯಾರು, ಯಾವ ಸ್ಥಿತಿಯಲ್ಲಿ ಕಟ್ಟಿದರು ಎಂದು ಯಾರೂ ವಿಚಾರಿಸಲಿಲ್ಲ.

ಪುಣೆಯಲ್ಲಿ ಬೈಗುಳವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಹಾಲಿನ ಬಾಗಿಲಿಗೆ ಒಂದು ಪಾಟಿ, ಅಂದರೆ ಬರಹದ ಫಲಕ, ಬಂತು: ‘ದೇವರ ಕೆಲಸಕ್ಕೆ ಕೂರುವವರು ತಮ್ಮ ಶುಚಿತ್ವವನ್ನು ತಾವೇ ನೋಡಿಕೊಳ್ಳಬೇಕು. ತಿಳಿಯಬೇಕಾದವರಿಗೆ ತಿಳಿಯುತ್ತದೆ.’ ಮೌಶಿ ಅದರ ಮುಂದೆ ನಿಂತು ಎರಡು ಸಲ ಓದಿ, ಅಕ್ಷರ ಬರೆದವರನ್ನು ಹೊಗಳಿದಳು. ಆರತಿಗೆ ಬಂದಾಗ ಆಕೆಗೆ ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಕಾದಿತ್ತು. ಆರೋಗ್ಯ ಸರಿಯಿಲ್ಲವಲ್ಲ, ಕೆಳಗೆ ಕೂರುವ ಕಷ್ಟ ಬೇಡ ಎಂದು ಕಾಕೂ ಮೆಲ್ಲಗೆ ಹೇಳಿದರು. ಹತ್ತು ದಿನ ಆಕೆ ಆ ಕುರ್ಚಿಯಲ್ಲಿ ಕೂತು, ಬಾಗಿಲಿನಿಂದಲೇ, ಒಳಗಿನ ಎಲ್ಲರಿಗಿಂತ ಗಟ್ಟಿಯಾಗಿ ಆರತಿ ಹಾಡಿದಳು. ಮಂಗಳವಾರದ ಭಜನೆಯಲ್ಲೂ ಅದೇ ಕುರ್ಚಿ. ಇನ್ನು ಮೋದಕದ ಪಟ್ಟಿಯ ಮಾತಂತೂ ಕೇಳುವಂತೆಯೇ ಇರಲಿಲ್ಲ. ಮುಂದಿನ ವರ್ಷ ಬೇರೆಯವರಿಗೆ ಅವಕಾಶ ಕೊಡೋಣ ಎಂದು ಅನಂತಚತುರ್ದಶಿಯ ಹೊತ್ತಿಗೇ ತೀರ್ಮಾನವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಎರಡನೇ ಮಹಡಿಯಲ್ಲಿ ಒಬ್ಬರು ಹಲ್ಲಿನ ಡಾಕ್ಟರಮ್ಮ ಇದ್ದಾರೆ, ಒಳ್ಳೆಯವರು; ಮೋದಕದ ಪಟ್ಟಿಯಲ್ಲಿ ಅವರೂ ಇರುತ್ತಾರೆ. ಆ ವಯಸ್ಸಿನಲ್ಲಿ ಹಾಗೆ ಆಗುವುದು ಸಣ್ಣ ಮಾತಲ್ಲ, ಗರ್ಭಕೋಶ ತೋರಿಸಲೇಬೇಕು ಎಂದು ಅವರು ನನ್ನ ಬೆನ್ನು ಹತ್ತಿದರು. ನೀವು ಓದಿದವರು, ನೀವೇ ಹೀಗೆ ಮಾಡಿದರೆ ಹೇಗೆ ಎಂದು ನನ್ನನ್ನೇ ಗದರಿಸಿದರು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಏನು ಮಾಡಿದೆ ಗೊತ್ತೆ? ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ!

ಸ್ಕ್ಯಾನಿಂಗಿಗೆ ಮೊದಲು ಒಂದು ಲೀಟರ್ ನೀರು ಕುಡಿದು ಎರಡು ತಾಸು ತಡೆದುಕೊಂಡಿರಬೇಕು. ಮೌಶಿ ಕುಡಿದಳು, ತಡೆದುಕೊಂಡಳು. ಸುತ್ತ ಕೂತಿದ್ದವರೆಲ್ಲ ಬಸುರಿಯರು. ಅವರಲ್ಲೊಬ್ಬಳು ನಿಮಗೆ ಎಷ್ಟನೇ ತಿಂಗಳು ಆಜಿ ಎಂದು ತಮಾಷೆ ಮಾಡಿದ್ದಕ್ಕೆ ಮೌಶಿ, ಲೆಕ್ಕ ತಪ್ಪಿದೆ, ಅದನ್ನೇ ಕೇಳಲು ಬಂದೆ ಅಂದಳು. ಕಾರಿಡಾರ್ ತುಂಬ ನಗು. ನಾನು ಆಕೆಯ ಚೀಲ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ. ಒಳಗೆ ಡಾಕ್ಟರ್ ಯಾವಾಗಿನಿಂದ, ಎಷ್ಟು, ಯಾವ ಬಣ್ಣ ಎಂದೆಲ್ಲ ಕೇಳಿದರು. ಮೌಶಿ ಒಂದೊಂದಕ್ಕೂ ಶ್ರದ್ಧೆಯಿಂದ ಸುಳ್ಳು ಉತ್ತರ ಕೊಟ್ಟಳು. ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿ, ಕಾಲು ಮಡಚಿ, ನನ್ನ ಕಡೆ ನೋಡದೆ, ಸೂರನ್ನು ನೋಡುತ್ತಿದ್ದಳು. ಆಕೆಗೆ ನಿಜ ಗೊತ್ತಿತ್ತೋ, ಆ ಹುಡುಗಿಯನ್ನು ಉಳಿಸಲೆಂದು ಸುಮ್ಮನೆ ಹೇಳಿದ್ದಳೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಕೇಳಿದರೆ ಹೇಳಬೇಕಾಗುತ್ತಿತ್ತು.

ವರದಿಯಲ್ಲಿ ಏನೂ ಇರಲಿಲ್ಲ. ಮೌಶಿ ಅದನ್ನು ಮಡಚಿ ಚೀಲಕ್ಕೆ ಹಾಕಿ, ರಸ್ತೆ ಬದಿಯಲ್ಲಿ ನನಗೆ ಕಬ್ಬಿನ ಹಾಲು ಕುಡಿಸಿದಳು; ನಿನ್ನ ಮುಖ ಬಾಡಿದೆ ಅಂದಳು. ನಾನು ಕುಡಿದೆ.

ಆ ಚಾದರವನ್ನು ಬಿಸಾಕಿ ಎಂದಿದ್ದರು. ಮೌಶಿ ಅದನ್ನು ಮನೆಗೆ ತಂದಿದ್ದಳು. ಒಗೆದ ಮೇಲೆ ಕಲೆಯ ಜಾಗದಲ್ಲಿ ಚಹಾದ ಬಣ್ಣದ ಒಂದು ಉಂಗುರ ಉಳಿದಿತ್ತು. ಆಕೆ ದೀಪಾವಳಿಯವರೆಗೆ ಕೂತು, ಎಳೆ ಎಣಿಸಿ, ಕೆಂಪು ದಾರದಲ್ಲಿ ಆ ಉಂಗುರದ ಮೇಲೆ ಒಂದು ಆನೆ ಹಾಕಿದಳು. ಅಂಬಾರಿ ಸಮೇತ. ಕಸೂತಿಗೆ ಗಂಟು ಹಾಕುವಂತಿಲ್ಲ. ಒಳ್ಳೆಯ ಕೈಯಾದರೆ ಹಿಂದೆಯೂ ಮುಂದೆಯೂ ಒಂದೇ ಚಿತ್ರ ಕಾಣುತ್ತದೆ. ಹೊರಗೊಂದು ಒಳಗೊಂದು ಮುಖ ಇಟ್ಟುಕೊಳ್ಳುವ ಸೌಲಭ್ಯ ಅದರಲ್ಲಿಲ್ಲ, ಅದು ನನ್ನಂಥವರಿಗೆ ಹೇಳಿದ ಕೆಲಸವಲ್ಲ. ಮುಗಿದ ಮೇಲೆ ಚಾದರವನ್ನು ಅರ್ಧ ಮಾಡಿ, ಗೇಟಿನ ಕಡೆಗಿರುವ ಕಿಟಕಿಗೆ ಪರದೆ ಮಾಡಿ ತೂಗಿಬಿಟ್ಟಳು. ಸೊಸೈಟಿಗೆ ಯಾರು ಬಂದರೂ ಮೊದಲು ಕಾಣುವುದು ಆ ಕೆಂಪು ಆನೆ. ಏನೂ ತಿಳಿಯದವರು ಬಾಗಿಲು ತಟ್ಟಿ, ಇಂಥದ್ದು ನಮಗೂ ಹಾಕಿಕೊಡಿ ಎಂದು ಕೇಳಿದರು. ತಿಳಿದವರು ಗೇಟಿನಿಂದ ಲಿಫ್ಟಿನವರೆಗೆ ತಲೆ ತಗ್ಗಿಸಿ ನಡೆದರು. ನಾನು ದಿನಕ್ಕೆ ಎರಡು ಸಲ ಆ ದಾರಿ ನಡೆದೆ.

ಫೆಬ್ರುವರಿಯಲ್ಲಿ ಕಾಲೇಜಿನಲ್ಲಿ ಮತ್ತೆ ಆ ಕಾದಂಬರಿ. ಬೋರ್ಡಿನ ಮೇಲೆ ಪಾಪ, ಶಿಕ್ಷೆ ಎಂದು ಬರೆದೆ. ಮೂರನೆಯ ಮಾತು ಬರೆಯಲು ಸೀಮೆಸುಣ್ಣ ಎತ್ತಿ, ಇಳಿಸಿದೆ. ಆ ಬೋಧಕನ ಬಗ್ಗೆ ಮಾತಾಡುವಾಗ ಒಬ್ಬ ಹುಡುಗಿ ಎದ್ದು ನಿಂತು, ಆ ಜಾಗದಲ್ಲಿ ನೀವಿದ್ದರೆ ಹೇಳುತ್ತಿದ್ದಿರಾ ಮ್ಯಾಮ್ ಎಂದು ಕೇಳಿದಳು. ಅವಳು ವಿನಯದಿಂದಲೇ ಕೇಳಿದ್ದು. ಸಮಯವಾಯಿತು, ಮುಂದಿನ ಕ್ಲಾಸಿನಲ್ಲಿ ನೋಡೋಣ ಅಂದೆ. ಗಂಟೆ ಹೊಡೆಯಲು ಇನ್ನೂ ಹನ್ನೊಂದು ನಿಮಿಷ ಇತ್ತು. ಮುಂದಿನ ಕ್ಲಾಸಿನಲ್ಲಿ ನಾನು ಅದನ್ನು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಈ ವರ್ಷದ ಗಣಪತಿ ಬಂತು. ಪಟ್ಟಿ ಬಂತು. ನನ್ನ ಹೆಸರಿತ್ತು, ಮೌಶಿಯದಿರಲಿಲ್ಲ. ಆಕೆ ಪಟ್ಟಿ ನೋಡಲು ಹೋಗಲೇ ಇಲ್ಲ. ಆದರೆ ಹಬ್ಬಕ್ಕೆ ನಾಲ್ಕು ದಿನ ಮೊದಲು ಆಕೆಯ ಮನೆಗೆ ಹೋದಾಗ, ಕಿಟಕಿಯ ಬೆಳಕಿನಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು, ಸೂಜಿಗೆ ತೊಡಕಾಗುತ್ತದೆ ಅದಕ್ಕೆ, ಅಂದಳು. ನಾನು ಕೇಳಿರಲಿಲ್ಲ.

ಮೋದಕದ ಬೆಳಿಗ್ಗೆ ನಾವು ಹನ್ನೆರಡು ಜನ ಹೊಸ ಚಾದರದ ಮೇಲೆ ಕೂತೆವು. ಐದನೇ ಮಹಡಿಯ ಸೊಸೆಯೂ ಇದ್ದಳು. ಹಿಟ್ಟು ಬೆಂದು ಬಂತು. ಅದು ಬಿಸಿಯಿರುವಾಗಲೇ ನಾದಿ ನಿರಿಗೆ ಹಿಡಿಯಬೇಕು, ತಣ್ಣಗಾದರೆ ಬಿರಿಯುತ್ತದೆ. ಆಗ ಬೇಯಿಸುವ ದೊಡ್ಡ ಪಾತ್ರೆ ಎಲ್ಲಿ ಎಂದು ಯಾರೋ ಕೇಳಿದರು. ಇಷ್ಟು ವರ್ಷ ಅದು ಬರುತ್ತಿದ್ದದ್ದು ಮೌಶಿಯ ಮನೆಯಿಂದ. ಪಾತ್ರೆಯ ಹೆಸರನ್ನು ಯಾರೂ ಪಟ್ಟಿಯಿಂದ ತೆಗೆದಿರಲಿಲ್ಲ! ಹೇಳಿಕಳಿಸಿದರು. ಮೌಶಿ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಸಿದ್ಧವಾಗಿಟ್ಟಿದ್ದಳು. ತಾನೇ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದಳು. ಹೊಸ್ತಿಲು ದಾಟಲಿಲ್ಲ. ಆಚೆಯಿಂದಲೇ ಬಗ್ಗಿ, ಒಳಗೆ ನೆಲದ ಮೇಲೆ ಇಟ್ಟು, ಸದ್ದಾಗದಂತೆ ಮುಂದಕ್ಕೆ ನೂಕಿದಳು.

ಆ ನೂಕಿದ ರೀತಿ ನನ್ನಿಂದ ನೋಡಲಾಗಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ನನ್ನಲ್ಲಿರಲಿಲ್ಲ. ಇದ್ದಿದ್ದರೆ ವರ್ಷದ ಹಿಂದೆಯೇ ಹೇಳಿರುತ್ತಿದ್ದೆ.

“ಕಾಕೂ, ಹೋದ ವರ್ಷದ ಕಲೆ ನನ್ನದು” ಅಂದೆ. ಮರಾಠಿಯಲ್ಲಿ ಅಂದೆ, ಎರಡನೇ ಸಲ ಹೇಳಬೇಕಾಯಿತು. ಎದ್ದು ನಿಂತಿದ್ದೆ, ಕೈತುಂಬ ಹಿಟ್ಟು ಮೆತ್ತಿಕೊಂಡಿತ್ತು.

ಯಾರೂ ಮಾತಾಡುವ ಮೊದಲೇ ಬಾಗಿಲ ಆಚೆಯಿಂದ ಮೌಶಿ, ಸುಳ್ಳು ಹೇಳುತ್ತಾಳೆ, ನನ್ನನ್ನು ಉಳಿಸಲು ಹೇಳುತ್ತಾಳೆ, ನಂಬಬೇಡಿ ಅಂದಳು. ಕಂಬದ ಹತ್ತಿರ ಕೂತವಳು ನಾನು ಅಂದೆ. ತಾನೂ ಅಲ್ಲೇ ಹಾಯ್ದುಹೋದೆ ಎಂದಳು ಮೌಶಿ. ನಾನು ಸೀರೆಯ ಬಣ್ಣ ಹೇಳಿದೆ. ಆಕೆ ತನ್ನ ಸೀರೆಯ ಬಣ್ಣ ಹೇಳಿದಳು. ಒಂದು ಕಲೆಗೆ ಇಬ್ಬರು ಹಕ್ಕುದಾರರು, ನಡುವೆ ಹನ್ನೊಂದು ಜನ ಹೆಂಗಸರು ತಲೆಯನ್ನು ಅತ್ತ ಇತ್ತ ತಿರುಗಿಸುತ್ತಿದ್ದರು. ಕಡೆಗೆ ನಾನು ಕನ್ನಡಕ್ಕೆ ಬಂದೆ.

“ಸಾಕು ಮಾಡು, ಮೌಶಿ. ಇದೊಂದು ನನಗ ಬಿಡು.”

ಮೌಶಿ ಏನೋ ಹೇಳಲು ಎತ್ತಿದ್ದ ಕೈಯನ್ನು ಇಳಿಸಿದಳು.  ಹಲ್ಲಿನ ಡಾಕ್ಟರು ತಮ್ಮ ಕೈಯನ್ನೇ ನೋಡಿ, ವರದಿಯಲ್ಲಿ ಏನೂ ಇರಲಿಲ್ಲವಲ್ಲ, ನನಗೆ ಆಗಲೇ ತಿಳಿಯಬೇಕಿತ್ತು ಎಂದು ತಮಗೆ ತಾವೇ ಹೇಳಿಕೊಂಡರು. ಐದನೇ ಮಹಡಿಯ ಸೊಸೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಕ್ಷಮೆ ಇತ್ತೆಂದು ನಾನು ಬರೆಯಲಾರೆ. ಇರಲಿಲ್ಲ.

ಕಾಕೂ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ, ಹಿಟ್ಟು ತಣ್ಣಗಾಗುತ್ತಿದೆ, ಎಂದರು. ತಮ್ಮ ಮೊಣಕಾಲನ್ನು ಒಂದಿಷ್ಟು ಆಚೆ ಸರಿಸಿ ಪಕ್ಕದಲ್ಲಿ ಜಾಗ ಮಾಡಿ, ಬಾಗಿಲ ಕಡೆ ನೋಡದೆಯೇ, “ಬಸಾ, ಮೌಶಿ” ಅಂದರು. ಕೂರಿ ಎಂದಷ್ಟೇ. ಮೌಶಿ ಹೊಸ್ತಿಲು ದಾಟಿ ಬಂದು ಕೂತಳು. ಕಾಕೂ ನನ್ನ ಕಡೆ ತಿರುಗಿ, ದನಿ ಇಳಿಸಿ, ಇವತ್ತು? ಎಂದು ಕೇಳಿದರು.

“ಇಲ್ಲ” ಅಂದೆ.

ಹಾಗಾದರೆ ನೀವೂ ಕೂರಿ ಎಂದರು. ಆ ಪ್ರಶ್ನೆಗೆ ನಾನು ಉತ್ತರ ಕೊಡಬಾರದಿತ್ತು. ಕೊಟ್ಟೆ. ಅದನ್ನೂ ಇಲ್ಲಿ ಬರೆದಿಡುತ್ತೇನೆ. ಅವತ್ತು ನಾನು ಮಾಡಿದ ಮೋದಕಗಳೆಲ್ಲ ಉಗಿಯಲ್ಲಿ ಬಾಯಿ ಬಿಟ್ಟವು. ಮೌಶಿಯದು ಒಂದೂ ಬಿಡಲಿಲ್ಲ.

ಮಧ್ಯಾಹ್ನ ಆಕೆಯ ಜೊತೆಗೇ ಅವಳ ಮನೆಗೆ ಹೋದೆ.  ಕ್ಷಮೆ ಕೇಳಲು ನಾನು ವಾಕ್ಯಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ನನಗೆ ವಾಕ್ಯಗಳಿಗೆ ಕೊರತೆಯಿಲ್ಲ. ಸಿಟ್ಟಾಗಿದ್ದಾಳೆ, ಬೈಯುತ್ತಾಳೆ, ಬೈದರೆ ಒಳ್ಳೆಯದು ಎಂದುಕೊಂಡೆ. ಆಕೆ ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟಳು. ಬೆನ್ನು ನನ್ನ ಕಡೆ. ನೀರು ಕುದಿಯಿತು. ಆಮೇಲೆ, ಹಾಗೇ ಬೆನ್ನು ತಿರುಗಿಸಿಕೊಂಡೇ, ಬಹಳ ದಿನ ತಡೆದಿಟ್ಟದ್ದನ್ನು ಇಳಿಸುವ ಹಾಗೆ ಕೇಳಿದಳು:

“ಅವತ್ತ ಹೊಟ್ಟಿ ಭಾಳ ನೋಯ್ತಿತ್ತೇನ, ತಂಗಿ?”

 ಒಂದು ವರ್ಷ ಕಾಕೂ, ಪಾಟಿ ಬರೆದವರು, ಡಾಕ್ಟರು, ನಾನು, ಎಲ್ಲರೂ ಯೋಚಿಸಿದ್ದು ಅದು ಯಾರದು ಎಂದು. ಇದನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ತನಗೆ ಗೊತ್ತಿದೆಯೆಂದು ನನಗೆ ತಿಳಿದುಬಿಡುತ್ತದೆ ಎಂದು, ಪರೀಕ್ಷೆಯ ಮಂಚದ ಮೇಲೂ, ಆ ಪ್ಲಾಸ್ಟಿಕ್ ಕುರ್ಚಿಯ ಮೇಲೂ, ಆಕೆ ಈ ಒಂದು ಮಾತನ್ನು ಬಾಯೊಳಗೇ ಇಟ್ಟುಕೊಂಡು ಕೂತಿದ್ದಳು.

“ಹೂಂ, ಮೌಶಿ” ಅಂದೆ. “ಭಾಳ ನೋಯ್ತಿತ್ತು.”

ಆಕೆ ಒಲೆ ಸಣ್ಣಗೆ ಮಾಡಿ, ಚಹಾಕ್ಕೆ ಶುಂಠಿ ಜಜ್ಜತೊಡಗಿದಳು.